ಚುಕ್ಕಿ ನಿಂತ ಜಾಗ

ಕಳೆದ ವಾರ ರಾಟರ್‌ಡ್ಯಾಮ್ ಪಕ್ಕದ ಜೂಟರ್‌ಮೀರಿನ ನಮ್ಮ ಆಫೀಸಿನ ಲಿಫ್ಟಿನಲ್ಲಿ ನನ್ನ ಜೊತೆ ಒಬ್ಬ ಅಪರಿಚಿತ ಹತ್ತಿದ. ಕೈಯಲ್ಲಿ ಹೆಲ್ಮೆಟ್, ಮೈಮೇಲೆ ಮಳೆಯಲ್ಲಿ ತೊಯ್ದ ದಪ್ಪ ಬೈಕ್ ಜಾಕೆಟ್. ಒದ್ದೆ ಚರ್ಮ, ಪೆಟ್ರೋಲು, ಚೈನಿಗೆ ಹಾಕುವ ಎಣ್ಣೆ, ಎಲ್ಲ ಬೆರೆತ ವಾಸನೆ ಲಿಫ್ಟಿನ ತುಂಬ ಹರಡಿತು. ಅವನು ಇಲ್ಲಿನವರ ರೂಢಿಯಂತೆ ಶುಭೋದಯ ಹೇಳಿದ. ನಾನು ನನ್ನ ಮಹಡಿ ಬರುವ ಮೊದಲೇ ಇಳಿದು, ಮೆಟ್ಟಿಲ ಬಳಿಯ ಕಿಟಕಿಗೆ ಹಣೆ ಆನಿಸಿ ನಿಂತುಬಿಟ್ಟೆ. ಆ ವಾಸನೆ ನಮ್ಮ ಮನೆಯನ್ನು ಬಿಟ್ಟುಹೋಗಿ ಕೆಲವು ವರ್ಷಗಳೇ ಆಗಿವೆ. ಅದು ಮನೆಯಲ್ಲಿದ್ದ ಕೊನೆಯ ಶರತ್ಕಾಲ ಯಾವುದು ಎಂದು ನನಗೆ ಚೆನ್ನಾಗಿ ಗೊತ್ತು.

ನಾನೂ ನನ್ನ ಗಂಡ ಮಹಾಂತೇಶನೂ ಹುಬ್ಬಳ್ಳಿಯ ಕಾಲೇಜಿನಲ್ಲಿ ಒಂದೇ ಕ್ಲಾಸಿನವರು. ಮದುವೆಯಾದ ಮೇಲೂ ಏಕವಚನ ಬಿಡಲಿಲ್ಲ. ಇಳಕಲ್ಲಿನ ನಮ್ಮ ಅತ್ತೆಗೆ ಅದೊಂದು ಕೊರಗಾಗಿಯೇ ಉಳಿಯಿತು. ಅವನಿಗೆ ರಾಟರ್‌ಡ್ಯಾಮ್ ಬಂದರಿನಲ್ಲಿ ಕಂಟೇನರ್ ಎತ್ತುವ ಕ್ರೇನುಗಳ ನಿಯಂತ್ರಣ ವ್ಯವಸ್ಥೆ ನೋಡಿಕೊಳ್ಳುವ ಕೆಲಸ. ವಾರವೆಲ್ಲ ಒಂದು ಕೋಣೆಯೊಳಗೆ ಪರದೆ ನೋಡುತ್ತ ಕೂರುವವನು ರಜೆ ಬಂತೆಂದರೆ ಬೈಕ್ ಹತ್ತಿ ಎಲ್ಲಾದರೂ ಜನ ಇಲ್ಲದ ಕಡೆ ಹೋಗಿಬಿಡುತ್ತಿದ್ದ. ಜೊತೆಗೆ ಇಮ್ತಿಯಾಜ್ ಇರುತ್ತಿದ್ದರು. ತುಮಕೂರಿನವರು, ಬಂದರಿನಲ್ಲೇ ಸರಕು ಸಾಗಣೆಯ ಕಂಪನಿಯೊಂದರಲ್ಲಿದ್ದರು. ನಾರ್ವೆಯ ಬೆಟ್ಟ, ಮೊರಾಕ್ಕೊದ ಮರಳು ಎಲ್ಲವನ್ನೂ ಇಬ್ಬರೂ ಜೊತೆಯಾಗಿಯೇ ಸುತ್ತಿದ್ದರು. ಇಬ್ಬರು ಇದ್ದಾರಲ್ಲ ಎಂಬುದೇ ನನಗೆ ಧೈರ್ಯ.

ಆ ಬೇಸಿಗೆಯಲ್ಲಿ ಐಸ್‌ಲ್ಯಾಂಡಿಗೆ ಹೋಗುವುದೆಂದು ಹಡಗಿನ ಟಿಕೆಟ್ ತೆಗೆದಾದ ಮೇಲೆ ಇಮ್ತಿಯಾಜ್‌ಗೆ ಮೊಣಕಾಲಿನ ಆಪರೇಷನ್ ಆಯಿತು. ಮಹಾಂತೇಶ ಒಬ್ಬನೇ ಹೋಗುತ್ತೇನೆಂದ. ಐಸ್‌ಲ್ಯಾಂಡಿನ ನಡುಭಾಗದಲ್ಲಿ ಊರಿಲ್ಲ, ಮರವಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಕಪ್ಪು ಬೂದಿಯ ಬಯಲು, ಸೇತುವೆಯಿಲ್ಲದ ಹೊಳೆಗಳು, ಜಲ್ಲಿಕಲ್ಲಿನ ದಾರಿ ಇಷ್ಟೇ. ನಾನು ಬೇಡವೆಂದೆ. ನಮ್ಮ ಜಗಳ ಒಂದು ವಾರ ನಡೆಯಿತು. ಕೊನೆಗೆ ಇಮ್ತಿಯಾಜ್ ಊರುಗೋಲು ಊರಿಕೊಂಡು ನಮ್ಮ ಮನೆಗೆ ಬಂದು, ಅಂಗೈಯೊಳಗೆ ಹಿಡಿಸುವ ಒಂದು ಕಿತ್ತಳೆ ಬಣ್ಣದ ಸಾಧನವನ್ನು ಮೇಜಿನ ಮೇಲಿಟ್ಟರು.

"ಇದು ಸ್ಯಾಟಲೈಟ್ ಕಮ್ಯುನಿಕೇಟರ್ ಭಾಭಿ. ಮೊಬೈಲ್ ಟವರ್ ಬೇಕಾಗಿಲ್ಲ, ಆಕಾಶ ಕಾಣಿಸಿದ್ರೆ ಸಾಕು. ಅವನು ಎಲ್ಲಿದಾನೆ ಅಂತ ಹತ್ತತ್ತು ನಿಮಿಷಕ್ಕೆ ಮ್ಯಾಪಲ್ಲಿ ಒಂದು ಚುಕ್ಕಿ ಬೀಳುತ್ತೆ. ಚಿಕ್ಕ ಚಿಕ್ಕ ಮೆಸೇಜ್ ಕಳಿಸಬಹುದು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇಲ್ಲೊಂದು ಮುಚ್ಚಳ ಇದೆ, ಅದನ್ನ ತೆಗೆದು ಒಳಗಿನ ಬಟನ್ ಒತ್ತಿ ಹಿಡಿದ್ರೆ ರೆಸ್ಕ್ಯೂಗೆ ಹೋಗುತ್ತೆ. ಅವ್ರು ಮೊದಲು ನಿಮಗೆ ಫೋನ್ ಮಾಡ್ತಾರೆ, ಆಮೇಲೆ ನನಗೆ. ಇಬ್ಬರ ನಂಬರೂ ಹಾಕಿದೀನಿ."

ಮಹಾಂತೇಶ ಅದನ್ನು ತಿರುವಿ ನೋಡುತ್ತ, "ಹ್ಯಾಂಡಲ್ ಮ್ಯಾಲೆ ಕೂರಿಸಾಕ ಕ್ಲ್ಯಾಂಪ್ ಬರ್ತೈತೇನು?" ಎಂದು ಕೇಳಿದ.

"ಬರುತ್ತೆ, ಆದ್ರೆ ಹಾಕ್ಬೇಡ. ಬೈಕಿಗಲ್ಲ, ಮೈಗೆ ಕಟ್ಕೋ. ಬಿದ್ದಾಗ ಬೈಕ್ ಒಂದು ಕಡೆ ಹೋಗುತ್ತೆ, ನೀನೊಂದು ಕಡೆ ಹೋಗ್ತೀಯ. ಜಾಕೆಟ್ಟಿನ ಎದೆ ಮೇಲೆ ಸಿಕ್ಕಿಸ್ಕೋ. ಮಲಗುವಾಗ್ಲೂ ಪಕ್ಕದಲ್ಲಿರಲಿ."

ಹಾಗೆ ನಾನು ಒಪ್ಪಿದೆ. ಆಗಸ್ಟ್ ಮಧ್ಯದ ಒಂದು ಬೆಳಿಗ್ಗೆ ಅವನು ಡೆನ್ಮಾರ್ಕಿನ ತುದಿಯ ಬಂದರಿಗೆ ಹೊರಟ. ಹಡಗು ಐಸ್‌ಲ್ಯಾಂಡ್ ಮುಟ್ಟಿದಂದಿನಿಂದ ನನ್ನ ದಿನಚರಿಯೇ ಬದಲಾಯಿತು. ಎದ್ದ ಕೂಡಲೇ ಮ್ಯಾಪ್ ತೆಗೆಯುತ್ತಿದ್ದೆ. ಆಫೀಸಿನ ಮೀಟಿಂಗಿನಲ್ಲೂ ಕಂಪ್ಯೂಟರಿನ ಒಂದು ಕಿಟಕಿಯಲ್ಲಿ ಅದು ತೆರೆದೇ ಇರುತ್ತಿತ್ತು. ಒಂದರ ಹಿಂದೆ ಒಂದು ಚುಕ್ಕಿ, ನಡುವೆ ಸಣ್ಣ ಗೆರೆ. ಚುಕ್ಕಿ ಮುಂದೆ ಹೋದರೆ ನನ್ನ ಎದೆ ಹಗುರವಾಗುತ್ತಿತ್ತು. ಊಟಕ್ಕೆ ಅವನು ಅರ್ಧ ಗಂಟೆ ನಿಂತರೂ ಮತ್ತೆ ಮತ್ತೆ ರಿಫ್ರೆಶ್ ಒತ್ತುತ್ತಿದ್ದೆ. ಸಂಜೆ "ಟೆಂಟ್ ಹಾಕೀನಿ, ಆರಾಮ ಅದೀನಿ" ಎಂದು ಮೆಸೇಜ್ ಬಂದ ಮೇಲೆ ನಾನೂ ಮಗಳು ನೇಹಾಳೂ ಊಟಕ್ಕೆ ಕೂರುತ್ತಿದ್ದೆವು. ಆಗ ಹೈಸ್ಕೂಲು ಸೇರಿದ್ದ ಅವಳಿಗೆ ಇದು ಆಟ. "ಪಪ್ಪಾ ಈಸ್ ಎ ಡಾಟ್" ಎಂದು ಗೆಳತಿಯರಿಗೆ ಹೇಳಿಕೊಂಡು ನಗುತ್ತಿದ್ದಳು.

ಒಂದು ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಶಾಲೆಗೆ ರಜೆಯಿತ್ತೋ ಏನೋ, ನೇಹಾ ಸೋಫಾದ ಮೇಲಿದ್ದಳು. "ಮಮ್, ಪಪ್ಪಾ ಈಸ್ ನಾಟ್ ಮೂವಿಂಗ್" ಎಂದಳು. ಟೀ ಮಾಡಲು ನಿಂತಿರಬೇಕು ಎಂದೆ. ಅಷ್ಟರಲ್ಲಿ ಫೋನ್ ಬಂತು. ಗುರುತಿಲ್ಲದ, ಉದ್ದನೆಯ ನಂಬರು. ಹೆಂಗಸಿನ ದನಿ, ಸಮಾಧಾನದ ಇಂಗ್ಲಿಷ್. ನಿಮ್ಮ ಗಂಡನ ಸಾಧನದಿಂದ ತುರ್ತು ಸಂಕೇತ ಬಂದಿದೆ, ನಾವು ಮೆಸೇಜ್ ಕಳಿಸಿದ್ದೇವೆ, ಉತ್ತರ ಇನ್ನೂ ಬಂದಿಲ್ಲ, ಅಲ್ಲಿನ ರಕ್ಷಣಾ ತಂಡಕ್ಕೆ ತಿಳಿಸಿದ್ದೇವೆ ಎಂದಳು. ಅವರಿಗೆ ಕಾಯಿಲೆಯೇನಾದರೂ ಇದೆಯೇ, ರಕ್ತದ ಗುಂಪು ಯಾವುದು, ಒಬ್ಬರೇ ಹೋಗಿದ್ದಾರೆಯೇ ಎಂದು ಒಂದೊಂದಾಗಿ ಕೇಳಿದಳು. ಒಂದೊಂದಾಗಿ ಹೇಳಿದೆ. ನನ್ನ ದನಿ ನನಗೇ ಬೇರೆಯವರದ್ದು ಎನ್ನಿಸುತ್ತಿತ್ತು.

ಇಮ್ತಿಯಾಜ್ ಊರುಗೋಲಿನಲ್ಲಿ ಮೆಟ್ರೋ, ಬಸ್ಸು ಬದಲಿಸುತ್ತ ರಾಟರ್‌ಡ್ಯಾಮಿನಿಂದ ಬಂದರು. ಬಂದವರೇ ಮ್ಯಾಪ್ ನೋಡಿದರು. ಚುಕ್ಕಿ ಒಂದು ಹೊಳೆಯ ಪಕ್ಕ, ಒತ್ತೊತ್ತಾದ ಗೆರೆಗಳ ನಡುವೆ ನಿಂತಿತ್ತು. ಒತ್ತಾದ ಗೆರೆಯೆಂದರೆ ಕಡಿದಾದ ಇಳಿಜಾರು ಎಂದು ಅವರು ನನಗೆ ಹೇಳಲಿಲ್ಲ. ನನಗೆ ಗೊತ್ತಿತ್ತು. "ಬಟನ್ ಒತ್ತಿದಾನೆ ಅಂದ್ರೆ ಎಚ್ಚರ ಇದಾನೆ ಭಾಭಿ. ಅಷ್ಟು ನಂಬಿ" ಎಂದರು. ಆಮೇಲೆ ಗೋಡೆಗೆ ಒರಗಿ ಕೂತು ತುಟಿಯಲ್ಲೇ ಏನೋ ಪಠಿಸತೊಡಗಿದರು. ನಾನು "ಹ್ಯಾಂಗ ಅದಿ" ಎಂದು ಮೆಸೇಜ್ ಕಳಿಸಿದೆ. ಹೋಗಿದೆ ಎಂದಷ್ಟೇ ತೋರಿಸಿತು. ಹೊರಗೆ ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದರು. ಆ ಯಂತ್ರದ ಸದ್ದು ಈಗಲೂ ನನಗೆ ಆಗಿಬರುವುದಿಲ್ಲ.

ಹುಲ್ಲು ಕತ್ತರಿಸಿ ಮುಗಿಯಿತು. ಕಸದ ಲಾರಿ ಬಂದು ಹೋಯಿತು. ಆಮೇಲೆ ಫೋನು ಕಿಣ್ ಎಂದಿತು.

"ನಂಗೇನೂ ಆಗಿಲ್ಲ. ಬ್ಯಾರೆಯವರು ಬಿದ್ದಾರ. ಅವರ ಜೋಡಿ ಅದೀನಿ."

ನಾನು ನಕ್ಕು, ಅತ್ತು, ನೇಹಾಳನ್ನು ಉಸಿರು ಕಟ್ಟುವಂತೆ ತಬ್ಬಿಕೊಂಡೆ. ಇಮ್ತಿಯಾಜ್ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು. ಮೂವರಿಗೂ ಒಮ್ಮೆಲೇ ಹಸಿವಾಯಿತು. ಉಪ್ಪಿಟ್ಟು ಮಾಡಿ, ಬಾಣಲೆಯಿಂದಲೇ ಬಡಿಸಿಕೊಂಡು ತಿಂದೆವು. ಬಿದ್ದವರು ಯಾರು ಎಂದು ಕೇಳಬೇಕೆಂದು ಮೊದಲು ಹೊಳೆದದ್ದು ನೇಹಾಳಿಗೆ. ನಾನು ಕೇಳಿ ಕಳಿಸಿದೆ. ಬಹಳ ಹೊತ್ತಿನ ಮೇಲೆ ಬಂದ ಉತ್ತರದಲ್ಲಿ "ವಯಸ್ಸಾದವರು. ಡಚ್ಚರು. ಮಾಸ್ಟ್ರಿಕ್ಟ್ ಊರಿನವರು" ಎಂದಿಷ್ಟೇ ಇತ್ತು. ಸಂಜೆಯ ಹೊತ್ತಿಗೆ ಇನ್ನೊಂದು: "ತೀರಿಕೊಂಡ್ರು."

ಸೆಪ್ಟೆಂಬರಿನ ಮೊದಲ ವಾರದಲ್ಲಿ ಅವನು ಮನೆಗೆ ಬಂದ. ಬೈಕನ್ನು ಹಿತ್ತಲಿನ ಶೆಡ್ಡಿಗೆ ನೂಕಿ, ಒದ್ದೆ ಜಾಕೆಟ್ಟನ್ನು ಗೂಟಕ್ಕೆ ಹಾಕಿ, ಬಾಗಿಲು ಎಳೆದುಕೊಂಡ. ಎಲ್ಲಿಂದ ಬಂದರೂ ಮೊದಲು ಬೈಕ್ ತೊಳೆಯುವವನು ಈ ಸಲ ತೊಳೆಯಲಿಲ್ಲ. ಕಪ್ಪು ಬೂದಿ ಮೆತ್ತಿಕೊಂಡ ಚಕ್ರಗಳು ಹಾಗೇ ನಿಂತವು. ಏನಾಯಿತು ಎಂದು ಕೇಳಿದರೆ "ಹೇಳ್ತೇನಿ" ಎನ್ನುತ್ತಿದ್ದ, ಹೇಳುತ್ತಿರಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ನೇಹಾಳ ಗಣಿತ ನೋಡುತ್ತಿದ್ದ. ಆದರೆ ಯಾವುದಾದರೂ ಕೋಣೆಯಿಂದ ಹೊರಗೆ ಹೋಗುವಾಗ ಬಾಗಿಲಲ್ಲಿ ತಿರುಗಿ, ಒಳಗಿದ್ದವರಿಗೆ, "ಈಗ ಬಂದೆ" ಎಂದು ಹೇಳಿ ಹೋಗುವ ಒಂದು ಹೊಸ ಅಭ್ಯಾಸ ಅಂಟಿಕೊಂಡಿತ್ತು. ನೀರು ಕುಡಿಯಲು ಅಡುಗೆಮನೆಗೆ ಹೋಗುವಾಗಲೂ ಹೇಳುತ್ತಿದ್ದ. ನೇಹಾ ಮೊದಮೊದಲು ನಗುತ್ತಿದ್ದಳು. ಆಮೇಲೆ ನಗುವುದು ಬಿಟ್ಟಳು.

ಆ ಶರತ್ಕಾಲದಲ್ಲಿ ಮಳೆ ನಿಂತ ದಿನಗಳು ನನಗೆ ನೆನಪಿಲ್ಲ. ನಮ್ಮ ಬೀದಿಯ ಎಲೆಗಳು ಹಳದಿಯಾಗಲು ಪುರುಸೊತ್ತಿಲ್ಲದೆ ಗಾಳಿಗೆ ಉದುರಿ, ಸೈಕಲ್ ದಾರಿಯ ಮೇಲೆ ಕೊಳೆತು, ಜಾರುವ ಕಂದು ಕೆಸರಾದವು. ಕಾಲುವೆಯ ನೀರು ಸೀಸದ ಬಣ್ಣಕ್ಕೆ ತಿರುಗಿತು. ಶೆಡ್ಡಿನಲ್ಲಿ ಒಣಗದ ಜಾಕೆಟ್ಟಿನ ವಾಸನೆ ಹಿತ್ತಲ ಬಾಗಿಲಿನ ಸಂದಿಯಿಂದ ಅಡುಗೆಮನೆಗೆ ಬರುತ್ತಿತ್ತು. ಅದನ್ನು ತೆಗೆದು ತೊಳೆಯಲೇ ಎಂದರೆ "ಇರ್ಲಿ ಬಿಡು" ಎನ್ನುತ್ತಿದ್ದ.

ಅಕ್ಟೋಬರಿನ ಒಂದು ಭಾನುವಾರ ನಾನು ರೊಟ್ಟಿ ಬಡಿಯುತ್ತಿದ್ದೆ. ಹೇಗ್ ನಗರದ, ನಮ್ಮ ದೇಶದ ಮೂಲದ ಸುರಿನಾಮಿಗಳ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕಿತ್ತು. ಅವನು ಬಂದು ಪಕ್ಕದಲ್ಲಿ ನಿಂತ. ಬೇಯುವ ರೊಟ್ಟಿಗೆ ನೀರು ಸವರುವ ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡ. ಹಂಚು ನೋಡುತ್ತಲೇ ಹೇಳತೊಡಗಿದ.

ಅಂದು ಬೆಳಿಗ್ಗೆ ಮಂಜಿತ್ತು. ಒಂದು ತಿರುವಿನಲ್ಲಿ ದಾರಿಯ ಅಂಚು ಕುಸಿದಂತೆ ಕಂಡು ನಿಂತ. ಕೆಳಗೆ ಇಳಿಜಾರಿನ ನಡುವೆ ಹಳದಿ ಜಾಕೆಟ್ ಕಂಡಿತು. ಕಲ್ಲು ಹಿಡಿದು ಇಳಿದು ಹೋದ. ಬಿಳಿ ಗಡ್ಡದ ಮುದುಕರೊಬ್ಬರು ಬಿದ್ದಿದ್ದರು. ಸೊಂಟ ಮುರಿದಿತ್ತು. ಹೆಸರು ವಿಲ್ಲೆಮ್. ಮಾಸ್ಟ್ರಿಕ್ಟಿನಲ್ಲಿ ಪೋಸ್ಟ್‌ಮನ್ ಆಗಿದ್ದವರು. ಜೀವಮಾನವಿಡೀ ಅವೇ ಬೀದಿಗಳನ್ನು ಸೈಕಲ್ಲಿನಲ್ಲಿ ಸುತ್ತಿ, ನಿವೃತ್ತಿಯಾದ ಮೇಲೆ ಬೈಕ್ ಕೊಂಡು ದೂರದ ದಾರಿ ಹಿಡಿದಿದ್ದರು. ಬಿದ್ದದ್ದು ಹಿಂದಿನ ಸಂಜೆ. ಇಡೀ ರಾತ್ರಿ ಮಳೆಯಲ್ಲಿ ಅಲ್ಲೇ ಇದ್ದರು.

"ಅವರ ಹತ್ರಾನೂ ನಮ್ಮಂಥದೇ ಡಬ್ಬಿ ಇತ್ತು ಗಿರಿಜಾ. ಹ್ಯಾಂಡಲ್ ಮ್ಯಾಲೆ ಕೂರಿಸಿದ್ರು. ಬೈಕು ಜಾರಿ ಹೊಳೀ ದಂಡಿಗೆ ಹೋಗಿ ಬಿದ್ದಿತ್ತು. ಡಬ್ಬಿಯ ಹಸಿರು ಲೈಟು ಮಿಣುಕ್ ಮಿಣುಕ್ ಅಂತ ಮ್ಯಾಲಿಂದ ಕಾಣ್ತಿತ್ತು. ರಾತ್ರಿಯೆಲ್ಲಾ ಆ ಲೈಟ್ ನೋಡ್ಕೋತ ತೆವಳ್ಯಾರ. ಜಾಕೆಟ್ಟಿನ ಮೊಣಕೈ ಹರಿದು ಚಿಂದಿ ಆಗಿತ್ತು. ಒಂದು ನಾಕು ಆಳುದ್ದ ಸರದಿರಬೇಕು, ಅಷ್ಟ."

ಮಹಾಂತೇಶ ತನ್ನ ಬಟನ್ ಒತ್ತಿದ. ಸಂಕೇತವೇನೋ ಹೋಯಿತು, ಆದರೆ ಆ ಕಂದರದೊಳಗೆ ಆಕಾಶ ಸ್ವಲ್ಪವೇ ಕಾಣುತ್ತಿತ್ತು. ಮೆಸೇಜ್ ಹೋಗುತ್ತಿರಲಿಲ್ಲ, ಬರುತ್ತಿರಲಿಲ್ಲ. ಪ್ರತಿ ಮಾತಿಗೂ ದಾರಿಯ ತನಕ ಹತ್ತಿ ಹೋಗಬೇಕು, ತಿರುಗಿ ಇಳಿಯಬೇಕು. ತುರ್ತು ಸಂಕೇತ ನೋಡಿಕೊಳ್ಳುವ ಕೇಂದ್ರದವರು ಅವರನ್ನು ಅಲ್ಲಾಡಿಸಬೇಡಿ, ಬೆಚ್ಚಗಿಡಿ, ಮಾತಾಡಿಸುತ್ತಿರಿ ಎಂದು ಬರೆದಿದ್ದರು. ತನ್ನ ಸ್ಲೀಪಿಂಗ್ ಬ್ಯಾಗು, ಟೆಂಟಿನ ಬಟ್ಟೆ ಎಲ್ಲ ಹೊದಿಸಿದ. ಮಂಜಿಗೆ ಹೆಲಿಕಾಪ್ಟರ್ ಇಳಿಯಲಾಗದೆ ಹಿಂದಿರುಗಿತ್ತು. ಸ್ವಯಂಸೇವಕರ ಜೀಪು ಹೊಳೆಗಳನ್ನು ದಾಟಿ ಬರುತ್ತಿತ್ತು.

"ನಾ ಮ್ಯಾಲೆ ಹತ್ತಾಕ ಎದ್ದಾಗೆಲ್ಲಾ ಕೈ ಹಿಡೀತಿದ್ರು. 'ಕೊಮ್ ಯೆ ತೆರುಖ್' ಅಂತಿದ್ರು. ವಾಪಸ್ ಬರ್ತೀಯಲ್ಲ ಅಂತ. ಬಂದೆ ಅಜ್ಜಾರ ಅಂತ ನಮ್ಮ ಭಾಷಾದಾಗ ಹೇಳಿ ಹೋಗ್ತಿದ್ದೆ. ಡಚ್ ಪರೀಕ್ಷಾಕ್ಕ ಓದಿದ್ದೆಲ್ಲಾ ಮರತು ಹೋಗಿತ್ತು, ಅಲ್ಲಿ ಹ್ಯಾಂಗೋ ನೆನಪಾತು. ಹೆಂಡ್ತಿ ಬಗ್ಗೆ ಮಾತಾಡಿದ್ರು. ಅಕಿ ಮನ್ಯಾಗ ಮ್ಯಾಪ್ ನೋಡಾಕತ್ತಿರ್ತಾಳ, ಚುಕ್ಕಿ ನಿಂತೈತಿ ಅಂದ್ರ ಹೊಳೀ ದಂಡಿಗೆ ಟೆಂಟ್ ಹಾಕಿ ಮಲಗೀನಿ ಅಂತ ತಿಳ್ಕೊಂಡಿರ್ತಾಳ, ಹಂಗ ತಿಳ್ಕೊಳ್ಳಿ ಅಂದ್ರು. ರಾತ್ರಿ ಚಂದ ನಿದ್ದಿ ಮಾಡಿದೆ, ಬೆಳಿಗ್ಗೆ ಹೊರಡುವಾಗ ಬಿದ್ದೆ ಅಂತ ಹೇಳು, ಇಡೀ ರಾತ್ರಿ ಒದ್ದಾಡಿದೆ ಅಂತ ಅಕಿಗೆ ಗೊತ್ತಾಗಬಾರದು ಅಂತ ಮಾತು ತಗೊಂಡ್ರು."

ರೊಟ್ಟಿ ಕರಕಾಗುತ್ತಿತ್ತು. ನಾನು ಒಲೆ ಆರಿಸಿದೆ.

"ಕೊನಿಗೆ ಕೇಂದ್ರದವರಿಗೆ ಮಂಜಿನ ಸುದ್ದಿ ಹೇಳಾಕ ಮ್ಯಾಲೆ ಹೋಗಿದ್ದೆ. ಇಳಿದು ಬರೂದ್ರಾಗ ಕಣ್ಣು ಹಂಗ ತೆರದಿದ್ವು. ನಾ ಬರ್ತೀನಿ ಅಂದಿದ್ದೆ. ಬಂದೆ. ಆದ್ರ ಅವರು ಇರಲಿಲ್ಲ."

ಅಲ್ಲಿನ ಪೊಲೀಸರು ಎಷ್ಟು ಹೊತ್ತಿಗೆ ನೋಡಿದಿರಿ, ಎಷ್ಟು ಹೊತ್ತಿಗೆ ಉಸಿರು ನಿಂತಿತು ಎಂದಷ್ಟೇ ಕೇಳಿ ಬರೆದುಕೊಂಡಿದ್ದರು. ವಿಲ್ಲೆಮ್ ಏನು ಮಾತಾಡಿದರು ಎಂದು ಯಾರೂ ಕೇಳಿರಲಿಲ್ಲ. ಕೇಳಬೇಕೆಂದಿದ್ದವರು ಒಬ್ಬರೇ. ಅವರ ಹೆಂಡತಿ ಮಾರ್ಯಾ. ಪೊಲೀಸರ ಮೂಲಕ ಮಹಾಂತೇಶನ ನಂಬರು ಪಡೆದು, ಅವನು ಊರಿಗೆ ಬಂದಾಗಿನಿಂದ ಫೋನ್ ಮಾಡುತ್ತಿದ್ದರು. ಅವನು ಎತ್ತುತ್ತಿರಲಿಲ್ಲ. ಫೋನು ಮೇಜಿನ ಮೇಲೆ ನಡುಗುತ್ತ ಸರಿಯುವುದನ್ನು ನೋಡುತ್ತ ಕೂರುತ್ತಿದ್ದ. ಯಾರದು ಎಂದರೆ ಆಫೀಸು ಎನ್ನುತ್ತಿದ್ದ. ಅದೆಲ್ಲ ನನಗೆ ಗೊತ್ತಾದದ್ದು ಆ ಭಾನುವಾರ.

ಮುಂದಿನ ಸಲ ಫೋನು ಬಂದಾಗ ನಾನೇ ಎತ್ತಿದೆ. ಮೆಲ್ಲನೆಯ ಮಾತು, ದಕ್ಷಿಣದವರ ಮೃದುವಾದ ಡಚ್. ನಿಮ್ಮ ಯಜಮಾನರಿಗೆ ತೊಂದರೆ ಕೊಡಬೇಕೆಂದಲ್ಲ, ಅವರು ಯಾವಾಗ ಬರಬಲ್ಲರೋ ಆಗ ಬರಲಿ, ನಾನು ಮನೆಯಲ್ಲೇ ಇರುತ್ತೇನೆ ಎಂದರು. ಬರುತ್ತೇವೆ ಎಂದು ಹೇಳಿಬಿಟ್ಟೆ.

ಅದರ ಮೇಲೆ ನಮ್ಮ ಮನೆಯಲ್ಲಿ ವಾದ ಶುರುವಾಯಿತು. ಹೋಗುವುದಾದರೆ ನಿಜವನ್ನೇ ಹೇಳಬೇಕು ಎಂಬುದು ನನ್ನ ಮಾತು. ನಾನೂ ಒಂದು ಚುಕ್ಕಿಯ ಮುಂದೆ ಕೂತವಳು. ಏನಾಯಿತು ಎಂದು ಗೊತ್ತಿಲ್ಲದೆ ಕೂತ ಆ ಮಧ್ಯಾಹ್ನ ನನಗೆ ಯಾರಾದರೂ ಹಿತವಾದ ಸುಳ್ಳೊಂದನ್ನು ಹೇಳಿದ್ದರೂ ಅದು ನನಗೆ ಬೇಕಾಗುತ್ತಿರಲಿಲ್ಲ. ಇಮ್ತಿಯಾಜ್ ಮಾತ್ರ ಒಪ್ಪಲಿಲ್ಲ. ಆಗ ಅವರ ಊರುಗೋಲು ಹೋಗಿ ಕೋಲು ಬಂದಿತ್ತು. ನಮ್ಮ ಸೋಫಾದ ತುದಿಯಲ್ಲಿ ಕೂತು ಹೇಳಿದರು.

"ಭಾಭಿ, ಸಾಯೋ ಮನುಷ್ಯ ಮಾತು ತಗೊಂಡಿದಾನೆ. ಅದು ವಸಿಯತ್ ಇದ್ದ ಹಾಗೆ, ಕೊನೇ ಉಯಿಲು. ನಿಜ ಹೇಳಿದ್ರೆ ಇವನಿಗೆ ಹಗುರ ಆಗುತ್ತೆ, ಒಪ್ತೀನಿ. ಭಾರ ಯಾರಿಗೆ ಹೋಗುತ್ತೆ ಹೇಳಿ. ಆಯಮ್ಮ ದಿನಾ ಆ ಮ್ಯಾಪ್ ತೆಗೆದು ನೋಡಲ್ವಾ?"

"ನಾಳೆ ಬ್ಯಾರೆ ಯಾರಿಂದರ ಗೊತ್ತಾದ್ರ?" ಎಂದೆ.

"ಬೇರೆ ಯಾರಿಗೂ ಗೊತ್ತಿಲ್ವಲ್ಲ."

ಮಹಾಂತೇಶ ನಮ್ಮಿಬ್ಬರನ್ನೂ ನೋಡಲಿಲ್ಲ. "ಈಗ ಬಂದೆ" ಎಂದು ಎದ್ದು ಹಿತ್ತಲಿಗೆ ಹೋದವನು ಇಮ್ತಿಯಾಜ್ ಹೊರಡುವ ತನಕ ಒಳಗೆ ಬರಲಿಲ್ಲ.

ಚಳಿಗಾಲಕ್ಕೆಂದು ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ, ಸಂಜೆ ಐದಕ್ಕೇ ದೀಪ ಹಚ್ಚುವ ದಿನಗಳು ಬಂದವು. ನವೆಂಬರಿನ ಒಂದು ಶನಿವಾರ ನೇಹಾಳನ್ನು ಅವಳ ಗೆಳತಿಯ ಮನೆಯಲ್ಲಿ ಬಿಟ್ಟು, ಯೂಟ್ರೆಕ್ಟಿನಲ್ಲಿ ರೈಲು ಬದಲಿಸಿ ನಾವಿಬ್ಬರೂ ಮಾಸ್ಟ್ರಿಕ್ಟಿಗೆ ಹೋದೆವು. ದಾರಿಯುದ್ದಕ್ಕೂ ನೀರು ನಿಂತ ಹೊಲಗಳು. ಏನು ಹೇಳುತ್ತಿ ಎಂದು ನಾನು ಕೇಳಲಿಲ್ಲ. ಅವನು ತುಟಿ ಅಲ್ಲಾಡಿಸುತ್ತಿದ್ದ. ಡಚ್ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಿದ್ದಾನೆಂದು ಗೊತ್ತಾಯಿತು.

ಊರ ಅಂಚಿನ ಇಟ್ಟಿಗೆಯ ಸಾಲುಮನೆ. ಮಾರ್ಯಾ ಎತ್ತರದ, ತೆಳ್ಳಗಿನ ಹೆಂಗಸು. ಬೂದು ಸ್ವೆಟರು, ಅಚ್ಚುಕಟ್ಟಾಗಿ ಬಾಚಿದ ಬಿಳಿ ಕೂದಲು. ಮಹಾಂತೇಶನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಿಡದೆ, ಅದನ್ನೇ ನೋಡುತ್ತ ನಿಂತರು. ಆಮೇಲೆ ಕಾಫಿ ಕೊಟ್ಟರು, ಅಲ್ಲಿಯವರು ಮಾಡುವ ಚೆರ್ರಿ ಹಣ್ಣಿನ ವ್ಲಾಯ್ ಎಂಬ ಕೇಕು ಕತ್ತರಿಸಿ ತಟ್ಟೆಗೆ ಹಾಕಿದರು. ವಿಲ್ಲೆಮ್‌ಗೆ ಇದು ಇಷ್ಟ ಎಂದರು. ಇಷ್ಟವಾಗಿತ್ತು ಎನ್ನಲಿಲ್ಲ.

"ಆ ಸಂಜೆ ಚುಕ್ಕಿ ಹೊಳೆಯ ಪಕ್ಕ ನಿಂತಿತು. ಒಳ್ಳೆಯ ಜಾಗ ಹಿಡಿದಿದ್ದಾನೆ ಅಂದುಕೊಂಡೆ. ಅವನಿಗೆ ನೀರಿನ ಸದ್ದು ಕೇಳುತ್ತ ಮಲಗುವುದು ಇಷ್ಟ. ನಾನೂ ದೀಪ ಆರಿಸಿ ಮಲಗಿದೆ. ಚೆನ್ನಾಗಿ ನಿದ್ದೆ ಬಂತು." ಅವರು ಕಾಫಿ ಕಪ್ಪನ್ನು ತಟ್ಟೆಯ ಮೇಲೆ ಮೆಲ್ಲಗೆ ತಿರುಗಿಸಿದರು. "ಅವನು ಆ ರಾತ್ರಿ ನಿದ್ದೆ ಮಾಡಿದನೇ?"

ನಾನು ಮಹಾಂತೇಶನ ಮುಖ ನೋಡಿದೆ. ನಿಜ ಹೇಳು ಎಂದು ವಾರಗಟ್ಟಲೆ ಕಾಡಿದವಳು, ಆ ಹೆಂಗಸಿನ ಮುಂದೆ ಕೂತಾಗ, ಅವನು ಹಾಗೆ ಹೇಳದಿರಲಿ ಎಂದು ಬೇಡಿಕೊಂಡೆ.

"ಹೌದು" ಎಂದ ಅವನು. ಡಚ್ ವಾಕ್ಯಗಳು ಒಂದೊಂದೂ ನೆಟ್ಟಗೆ ಬಂದವು. "ಚೆನ್ನಾಗಿ ನಿದ್ದೆ ಮಾಡಿದೆ ಅಂತ ಅವರೇ ಹೇಳಿದರು. ಬೆಳಿಗ್ಗೆ ಹೊರಡುವಾಗ ಬಿದ್ದರು. ಸ್ವಲ್ಪ ಹೊತ್ತಿಗೆಲ್ಲ ನಾನು ಅಲ್ಲಿಗೆ ಹೋದೆ."

"ಕೊನೆಯಲ್ಲಿ ನೀವು ಅವನ ಹತ್ತಿರ ಇದ್ದಿರಾ?"

ಈ ಪ್ರಶ್ನೆಗೆ ಯಾರೂ ಅವನಿಂದ ಮಾತು ತೆಗೆದುಕೊಂಡಿರಲಿಲ್ಲ.

"ಇದ್ದೆ. ಕೈ ಹಿಡಿದುಕೊಂಡಿದ್ದೆ."

ಮಾರ್ಯಾ ತಲೆಯಾಡಿಸಿದರು. ಎದ್ದು ಬಂದು ಅವನ ತಲೆಯ ಮೇಲೆ ಅಂಗೈಯಿಟ್ಟರು. ಇಲ್ಲಿನವರು ಹಾಗೆ ಮಾಡುವುದನ್ನು ನಾನು ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಮಹಾಂತೇಶ ಮುಖ ತಗ್ಗಿಸಿ ಅತ್ತ. ಐಸ್‌ಲ್ಯಾಂಡಿನಿಂದ ಬಂದಮೇಲೆ ಅವನು ಅತ್ತದ್ದು ಅದೇ ಮೊದಲು.

ಹೊರಡುವಾಗ ಅವನು ಮೊದಲೇ ಅಂಗಳಕ್ಕೆ ಇಳಿದು ಗೇಟಿನ ಬಳಿ ನಿಂತಿದ್ದ. ನಾನು ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದೆ. ಮಾರ್ಯಾ ನನ್ನ ಕೋಟು ಹಿಡಿದು ನಿಂತವರು, ಬಾಗಿಲನ್ನು ಸ್ವಲ್ಪ ಮುಂದೆ ಮಾಡಿದರು. ಆಗ ಅವರು ಹೇಳಿದ್ದನ್ನು ಅವರು ಬದುಕಿದ್ದಷ್ಟು ದಿನ ನಾನು ಯಾರಿಗೂ ಹೇಳಲಿಲ್ಲ.

"ಅವನ ಸಾಮಾನುಗಳು ಪಾರ್ಸೆಲ್ಲಿನಲ್ಲಿ ಬಂದವು. ಹೃದಯದ ಕಾಯಿಲೆಗೆ ದಿನಾ ರಾತ್ರಿ ಮಲಗುವ ಮುಂಚೆ ಒಂದು ಮಾತ್ರೆ ತೆಗೆದುಕೊಳ್ಳುತ್ತಿದ್ದ. ವಾರದ ಮಾತ್ರೆಗಳನ್ನು ದಿನಕ್ಕೊಂದು ಖಾನೆಯಲ್ಲಿ ನಾನೇ ತುಂಬಿಸುವುದು. ಒಂದು ದಿನವೂ ತಪ್ಪಿಸಿದವನಲ್ಲ. ಆ ರಾತ್ರಿಯ ಮಾತ್ರೆ ಹಾಗೇ ಇದೆ. ಅವನು ಮಲಗಲಿಲ್ಲ. ನನಗೆ ಗೊತ್ತು."

ಅವರು ಬಾಗಿಲ ಸಂದಿಯಿಂದ ಗೇಟಿನ ಕಡೆ ಒಮ್ಮೆ ನೋಡಿದರು.

"ಹಾಗೆ ಹೇಳು ಅಂತ ವಿಲ್ಲೆಮ್ ಅಂದಿರಬೇಕು. ಅದು ಅವನದೇ ಬುದ್ಧಿ. ನಿಮ್ಮ ಗಂಡ ಮಾತು ಉಳಿಸಿಕೊಂಡರು. ನನಗೆ ಗೊತ್ತು ಅಂತ ಅವರಿಗೆ ಹೇಳಬೇಡಿ. ಕೈ ಹಿಡಿದುಕೊಂಡಿದ್ದರಲ್ಲ, ನನಗೆ ಅಷ್ಟು ಸಾಕು."

ಕೋಟಿನ ಎರಡೂ ತೋಳು ಹಾಕಿಕೊಳ್ಳಲು ಅವರೇ ಸಹಾಯ ಮಾಡಿದರು.

ಹಿಂದಿರುಗುವ ರೈಲಿನಲ್ಲಿ ಜನ ಕಡಿಮೆ ಇದ್ದರು. ಸಿಟ್ಟಾರ್ಡ್ ದಾಟುವ ಹೊತ್ತಿಗೆ ಕತ್ತಲಾಗಿ, ಕಿಟಕಿಯಲ್ಲಿ ನಮ್ಮ ಮುಖಗಳೇ ಕಾಣತೊಡಗಿದವು. ಬೈಕನ್ನು ಇಮ್ತಿಯಾಜ್‌ಗೆ ಕೊಟ್ಟುಬಿಡುತ್ತೇನೆ, ಜಾಕೆಟ್ಟನ್ನೂ ಎಸೆದುಬಿಡು ಎಂದು ಮಹಾಂತೇಶ ಹೇಳಿದ. ಆಯಿತು ಎಂದೆ.

"ಬಾಗಿಲದಾಗ ಏನಂದ್ರು ಅವರು?" ಎಂದು ಕೇಳಿದ.

"ಏನಿಲ್ಲ. ಮಳಿ ಬರೂಹಂಗೈತಿ, ಛತ್ರಿ ಬೇಕೇನು ಅಂದ್ರು."

ಅವನು ಕಿಟಕಿಯತ್ತ ತಿರುಗಿದ. ಹೊರಗೆ ಯಾವುದೋ ಸಣ್ಣ ನಿಲ್ದಾಣದ ದೀಪಗಳು ಹಿಂದೆ ಸರಿದವು.

"ನಂಬಿದ್ರಲ್ಲ ಗಿರಿಜಾ?"

"ನಂಬಿದ್ರು" ಎಂದೆ.